ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ

ಮೋಟಾರ್ ಸೈಕಲ್ಲಿನ ಮಟ್ಟಿಗೆ ಮನುಷ್ಯರಲ್ಲಿ ಎರಡೇ ಬಗೆ: ಓಡಿಸುವವರು, ಹಿಂದೆ ಕೂರುವವರು. ನಾನು ಐವತ್ತೊಂದು ವರ್ಷ ಎರಡನೆಯ ಬಗೆಯವನಾಗಿ ಯಾವ ಮುಜುಗರವೂ ಇಲ್ಲದೆ ಬದುಕಿದೆ. ಹಿಂದೆ ಕೂತವನಿಗೆ ಪೆಟ್ರೋಲಿನ ಚಿಂತೆಯಿಲ್ಲ, ಪಂಚರಿನ ಚಿಂತೆಯಿಲ್ಲ. ಅಡ್ಡ ಬಂದ ಕುರಿಮಂದೆ ಮುಂದೆ ಕೂತವನ ತಲೆನೋವು. ಬಿದ್ದರೆ ಇಬ್ಬರೂ ಬೀಳುತ್ತೇವೆ ನಿಜ, ಆದರೆ ತಪ್ಪು ಯಾರದೆಂಬ ಪ್ರಶ್ನೆ ಹಿಂದಿನ ಸೀಟಿಗೆ ಬರುವುದೇ ಇಲ್ಲ.

ನನ್ನೂರು ಮಡಕಶಿರಾ. ವರ್ಗವಾಗಿ ರಾಯದುರ್ಗಕ್ಕೆ ಬಂದು ಒಂದು ಕೋಣೆ ಹಿಡಿದು ಒಂಬತ್ತು ವರ್ಷವಾಯಿತು. ಭೈರವಾನಿತಿಪ್ಪದ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಕನ್ನಡ ಮೇಷ್ಟ್ರು. ಮದುವೆಯಾಗಿಲ್ಲ. ಅದೇ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ವಿರುಪಣ್ಣನವರು ನಾನು ಬಂದ ಮೊದಲ ವಾರವೇ ನನ್ನನ್ನು ತಮ್ಮ ಗಾಡಿಯ ಹಿಂದೆ ಕೂರಿಸಿಕೊಂಡರು. ಅವರದು ಮಾತು ಬಹಳ ಕಡಿಮೆ. ಆ ಕೊರತೆಯನ್ನು ನಾನು ತುಂಬಿಕೊಡುತ್ತಿದ್ದೆ. ಕೋಣೆಯಲ್ಲಿ ನನ್ನ ಮಾತು ಕೇಳಲು ಒಂದು ಸ್ಟೌ, ಒಂದು ಕ್ಯಾಲೆಂಡರ್ ಬಿಟ್ಟರೆ ಯಾರೂ ಇಲ್ಲದ್ದರಿಂದ, ಸಂಜೆಯಿಂದ ಕೂಡಿಬಿದ್ದ ಮಾತೆಲ್ಲ ಬೆಳಿಗ್ಗೆ ಅವರ ಬೆನ್ನಿಗೆ ಸಲ್ಲುತ್ತಿತ್ತು. ಅವರು ಆಗಾಗ ತಲೆಯಾಡಿಸುತ್ತಿದ್ದರು. ಅಷ್ಟು ಸಮಾಧಾನವಾಗಿ ನನ್ನ ಮಾತನ್ನು ಕೇಳಿದವರು ನನ್ನ ಬದುಕಿನಲ್ಲಿ ಬೇರೆ ಯಾರೂ ಇರಲಿಲ್ಲ.

ಈ ಬೇಸಿಗೆಯಲ್ಲಿ ವಿರುಪಣ್ಣನವರು ನಿವೃತ್ತರಾಗಿ ಕಲ್ಯಾಣದುರ್ಗಕ್ಕೆ ಹೊರಟರು. ಹೋಗುವಾಗ ಗಾಡಿಯನ್ನು ನನಗೇ ಬಿಟ್ಟುಕೊಟ್ಟರು. ಪರಿಚಯದ ಗಾಡಿ, ಬೇರೆಯವರಿಗೆ ಯಾಕೆ ಎಂದರು. ಪರಿಚಯವೇನೋ ಇತ್ತು, ಆದರೆ ಅದರ ಹಿಂಭಾಗದ್ದು ಮಾತ್ರ.

ಕಾಲೇಜಿನ ಮೈದಾನದಲ್ಲಿ ಕಲಿಯಲು ಹೊರಟೆ. ಕ್ಲಚ್ ಬಿಟ್ಟರೆ ಗಾಡಿ ಕುಪ್ಪಳಿಸುತ್ತಿತ್ತು, ಬಿಡದಿದ್ದರೆ ನಿಂತಲ್ಲೇ ಅರಚುತ್ತಿತ್ತು. ಲೈಸೆನ್ಸ್ ಪರೀಕ್ಷೆಯ ದಿನ ಸಾಹೇಬರು ಎಂಟು ಹಾಕಿ ತೋರಿಸಿ ಎಂದರು. ಅವರು ಕೇಳಿದ್ದು ಇಂಗ್ಲಿಷಿನ ಎಂಟು. ನನ್ನ ಗಾಡಿ ಅಭ್ಯಾಸಬಲದಿಂದ ಕನ್ನಡದ ಎಂಟು ಬರೆದು, ಬಾಲ ಎಳೆದುಕೊಂಡು ಬೇಲಿಯ ಕಡೆ ಹೋಯಿತು. ಎರಡನೆಯ ಸಲ ಪಾಸಾದೆ.

ಆಮೇಲೆ ಶುರುವಾಯಿತು ಸದ್ದಿನ ಕಾಟ. ಒಬ್ಬನೇ ಹೋಗುವಾಗ ಗಾಡಿಯ ಹೊಟ್ಟೆಯೊಳಗಿಂದ ಟಕಟಕ ಎನ್ನುವ ಶಬ್ದ. ಎಂಜಿನ್ನೋ, ಚೈನೋ, ಯಾವುದಾದರೂ ನಟ್ಟು ಕಳಚಿ ನಾನೊಂದು ಕಡೆ ಚಕ್ರವೊಂದು ಕಡೆ ಹೋಗುವ ಸೂಚನೆಯೋ ತಿಳಿಯದು. ಬಸ್ ಸ್ಟ್ಯಾಂಡ್ ಹತ್ತಿರದ ಮೆಕ್ಯಾನಿಕ್ ಬಾಷಾ ಅವರಲ್ಲಿಗೆ ಒಂದೇ ತಿಂಗಳಲ್ಲಿ ನಾಲ್ಕು ಸಲ ಹೋದೆ. ಮೂರು ಸಲ ಅವರೇ ಓಡಿಸಿ ನೋಡಿ ಏನೂ ಇಲ್ಲವೆಂದರು. ನಾಲ್ಕನೆಯ ಸಲ ಕೈ ಒರೆಸಿಕೊಂಡು ನನ್ನ ಹಿಂದೆ ಹತ್ತಿ ಕೂತು, ನೀವೇ ಓಡಿಸಿ ಎಂದರು. ಗುಮ್ಮಗಟ್ಟದ ರಸ್ತೆಯಲ್ಲಿ ಎರಡು ಮೈಲಿ ಹೋಗಿ ತಿರುಗಿದೆವು. ದಾರಿಯುದ್ದಕ್ಕೂ ನಾನು ಆ ಸದ್ದಿನ ಚರಿತ್ರೆಯನ್ನು ವಿವರವಾಗಿ ಹೇಳಿದೆ. ಇಳಿದ ಮೇಲೆ ಅವರು, “ಗಾಡಿ ಚಲೋ ಅದ ಸಾರ್. ಇದು ಚೈನಿನ ಸಪ್ಪಳ, ಎಲ್ಲಾ ಗಾಡಿಗೂ ಇರ್ತದ. ನೀವು ಮಾತಾಡಿದ್ರ ಕೇಳಂಗಿಲ್ರಿ. ಮಾತಾಡ್ಕೊಂತ ಹೋಗ್ರಿ,” ಎಂದರು. ಯಾರ ಜೊತೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅದಾಗಿ ವಾರಕ್ಕೆ ಬಿದ್ದೆ. ನಮ್ಮ ಕಡೆ ಹುರುಳಿ ಕಿತ್ತ ಮೇಲೆ ರಸ್ತೆಯೇ ಕಣ. ಗಿಡಗಳನ್ನು ಟಾರಿನ ಮೇಲೆ ಹರಡಿದರೆ ಲಾರಿ, ಬಸ್ಸುಗಳು ಪುಕ್ಕಟೆಯಾಗಿ ಒಕ್ಕಣೆ ಮಾಡಿಕೊಡುತ್ತವೆ. ಶಾಲೆ ಮುಗಿಸಿ ಬರುತ್ತಿದ್ದವನಿಗೆ ಮುಂದೆ ಹುರುಳಿಯ ಹಾಸಿಗೆ ಕಂಡಿತು. ಗಾಬರಿಯಲ್ಲಿ ಎರಡೂ ಬ್ರೇಕು ಒತ್ತಿದೆ. ಚಕ್ರದಡಿ ಕಾಳು ಉರುಳಿತು, ಗಾಡಿ ಬಲಕ್ಕೆ, ನಾನು ಎಡಕ್ಕೆ. ಹೊಟ್ಟಿನ ಮೇಲೆ ಬಿದ್ದದ್ದರಿಂದ ಮೊಣಕಾಲು ತರಚಿದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ.

ಹುರುಳಿಯ ಒಡತಿ ಗಂಗಮ್ಮ ಎಂಬಾಕೆ ಓಡಿಬಂದು ಎಬ್ಬಿಸಿ, ಬೇವಿನ ಮರದಡಿ ಕೂರಿಸಿ, ಗಾಯಕ್ಕೆ ನೀರು ಹಾಕಿದಳು. ಕರುಣೆಯ ಜೊತೆಗೆ ಬೈಗುಳವೂ ಇತ್ತು. “ಬ್ರೇಕ್ ಯಾಕ ಹಾಕಿದ್ರಿ? ಸುಮ್ಮನ ಹಗೂರಕ ಹೋಗಿದ್ರ ನೀವೂ ಬೀಳ್ತಿರ್ಲಿಲ್ಲ, ನಮ್ಮ ಹುರುಳಿನೂ ಒಂದೀಟು ಬಡದಂಗಾಗ್ತಿತ್ತು.” ಬೈದು ಮುಗಿಸಿ, ಮನೆಯಲ್ಲಿ ಯಾರಿಗಾದರೂ ಫೋನ್ ಮಾಡಿ ಕರೆಸಿಕೊಳ್ಳಿ ಎಂದಳು.

ಫೋನ್ ತೆಗೆದೆ. ಈಚೆಗೆ ಕರೆ ಮಾಡಿದ ಹೆಸರುಗಳಲ್ಲಿ ಗ್ಯಾಸಿನವರು, ಹೆಡ್‌ಮಾಸ್ಟರು, ಬಾಷಾ. ಮಡಕಶಿರಾದ ಅಕ್ಕನಿಗೆ ಹೇಳಿದರೆ ಅಲ್ಲಿಂದಲೇ ಅಳುತ್ತಾಳೆ. ಗಂಗಮ್ಮ ನೋಡುತ್ತಿದ್ದಳಲ್ಲ, ಯಾರೂ ಇಲ್ಲವೆನ್ನಲು ನಾಚಿಕೆಯಾಗಿ ವಿರುಪಣ್ಣನವರಿಗೆ ಮಾಡಿದೆ. ಅವರು ಮೊದಲು ಗಾಡಿಯನ್ನು, ಆಮೇಲೆ ಮೊಣಕಾಲನ್ನು ವಿಚಾರಿಸಿದರು. ನೀವಿಲ್ಲದೆ ದಾರಿ ಸವೆಯುತ್ತಿಲ್ಲ, ನನ್ನ ಮಾತು ಕೇಳುವವರೇ ಇಲ್ಲ ಎಂದುಬಿಟ್ಟೆ.

“ಬ್ಯಾಸರ ಮಾಡ್ಕೋಬ್ಯಾಡ್ರಿ ಸಾರ್,” ಎಂದರು ಅವರು. “ನೀವು ಹಿಂದ ಕುಂತು ಹೇಳಿದ್ದು ನನಗ ಒಂದೂ ಕೇಳ್ತಿರ್ಲಿಲ್ರಿ. ಮ್ಯಾಲ ಹೆಲ್ಮೆಟ್, ಎದುರಿಗೆ ಗಾಳಿ.”

“ಮತ್ತೆ ತಲೆ ಆಡಿಸ್ತಿದ್ರಲ್ಲ ಸಾರ್?”

“ರಸ್ತಿ ಹಂಗದಲ್ರಿ.”

ಗಂಗಮ್ಮ ಹುರುಳಿ ತಿರುವಿಹಾಕಲು ಹೋದಳು. ನಾನು ಮರದಡಿಯೇ ಕೂತಿದ್ದೆ. ಒಂಬತ್ತು ವರ್ಷದ ಮಾತು ಗಾಳಿಗೆ ಹೋದದ್ದಕ್ಕೆ ನಗು ಬರುತ್ತಿತ್ತು, ಒಂದು ಮಾತು ನೆನಪಾಗಿ ನಗು ನಿಂತಿತು. ಆರು ವರ್ಷದ ಹಿಂದೆ ಅಕ್ಕ ರೊಳ್ಳದ ಕಡೆಯಿಂದ ಒಂದು ಸಂಬಂಧ ತಂದಿದ್ದಳು. ಹಿಪ್ಪುನೇರಳೆ ತೋಟದವರು. ಹೆಣ್ಣಿಗೂ ನಲವತ್ತು ದಾಟಿತ್ತು. ನೋಡಲು ಹೋದಾಗ ನಾನು ಒಂದು ಗಂಟೆ ಬಿಡದೆ ಮಾತಾಡಿದ್ದೆ. ಹೊರಡುವಾಗ ಆಕೆ, “ನಂದು ಮಾತು ಕಮ್ಮಿ. ಕೇಳ್ಕಂಡಿರ್ತೀನಿ,” ಎಂದಿದ್ದಳು. ಮರುದಿನ ಶಾಲೆಯ ದಾರಿಯಲ್ಲಿ ವಿರುಪಣ್ಣನವರಿಗೆ ಎಲ್ಲವನ್ನೂ ಹೇಳಿ, ಈ ವಯಸ್ಸಿನಲ್ಲಿ ಬೇಡ ಅಲ್ವಾ ಸಾರ್ ಎಂದು ಕೇಳಿದೆ. ಹೆಲ್ಮೆಟ್ಟು ಮೇಲೆ ಕೆಳಗೆ ಎರಡು ಸಲ ಆಡಿತು. ಲೆಕ್ಕದ ಮೇಷ್ಟ್ರ ತೀರ್ಮಾನವೆಂದು ಸಂಜೆಯೇ ಅಕ್ಕನಿಗೆ ಬೇಡವೆಂದೆ. ಆ ಹೆಣ್ಣು ಈಗ ಪಾವಗಡದ ಕಡೆ ಯಾರದೋ ಮನೆಯಲ್ಲಿ ಯಾರ ಮಾತನ್ನೋ ಕೇಳಿಸಿಕೊಂಡಿದ್ದಾಳೆ.

ಮೊಣಕಾಲು ವಾಸಿಯಾದ ಮೇಲೆ ಒಂದು ಭಾನುವಾರ ಗಾಡಿಯಲ್ಲೇ ಕಲ್ಯಾಣದುರ್ಗಕ್ಕೆ ಹೋದೆ. ವಿರುಪಣ್ಣನವರು ಗಾಡಿಯನ್ನು ಸುತ್ತ ನೋಡಿ, ನನ್ನನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿದರು. ಅಷ್ಟು ವರ್ಷ ನೋಡಿದ್ದು ಬೆನ್ನು. ಎದುರಿಗೆ ಕೂತ ಮುಖ ಹೊಸಬರದೆನಿಸಿತು. ಒಗ್ಗರಣೆ ಮಂಡಕ್ಕಿಯ ತಟ್ಟೆಯನ್ನು ನನ್ನ ಕಡೆ ಸರಿಸಿ, “ಈಗ ಗಾಳಿ ಇಲ್ರಿ. ಏನೇನು ಹೇಳ್ತಿದ್ರಿ, ಹೇಳ್ರಿ,” ಎಂದರು. ಅವರು ನಿಜಕ್ಕೂ ಕಿವಿಗೊಟ್ಟು ಕೂತಿದ್ದರು. “ಏನಿಲ್ಲ ಸಾರ್, ಬಸ್ಸು ಟೈಮಿಗೆ ಬರಲ್ಲ ಅಂತಿದ್ದೆ,” ಎಂದೆ. ಅವರು ನಿರಾಳವಾಗಿ ನಕ್ಕರು.

ಈಗ ಆ ದಾರಿಯಲ್ಲಿ ದಿನವೂ ನಾನೇ ಓಡಿಸುತ್ತೇನೆ. ಎಲ್ಲಿ ಗುಂಡಿ, ಎಲ್ಲಿ ತಲೆ ತಾನಾಗಿ ಆಡುತ್ತದೆ ಎಂಬುದೆಲ್ಲ ಅಂಗೈಯ ಗೆರೆಯಷ್ಟು ಗೊತ್ತು. ವಿರುಪಣ್ಣನವರ ಹೆಲ್ಮೆಟ್ಟನ್ನೂ ಸರ್ಕಾರದ ರಸ್ತೆಯನ್ನೂ ದೂರುತ್ತ ಹೋಗಬಹುದಿತ್ತು. ಆದರೆ ಸಂಬಂಧದ ಮಾತೆತ್ತಿದ ಆ ದಿನ ಗುಮ್ಮಗಟ್ಟದವರೆಗೆ ರಸ್ತೆ ನುಣ್ಣಗಿತ್ತು. ಅಷ್ಟು ದೂರವೂ ಬೇಡ ಅಲ್ವಾ ಎಂಬ ಪ್ರಶ್ನೆಯನ್ನು ಬಾಯಲ್ಲೇ ಇಟ್ಟುಕೊಂಡಿದ್ದು, ಗುಂಡಿಗಳು ಶುರುವಾಗಿ ಮುಂದಿನ ಹೆಲ್ಮೆಟ್ಟು ಆಡತೊಡಗಿದ ಮೇಲೆ ಕೇಳಿದವನು ನಾನೇ.