ಹೋಟೆಲಿನ ಧಣಿಗಳು ಎದ್ದು ನಿಂತದ್ದು

ಹೊಟ್ಟೆನೋವು ಬಂದವ ಊರಿಗೆಲ್ಲ ಹೇಳಿಕೊಂಡು ಬರುತ್ತಾನೆ. ಕೂರುವ ಜಾಗದಲ್ಲಿ ಕುರು ಎದ್ದವ ಹೆಂಡತಿಗೂ ಹೇಳುವುದಿಲ್ಲ. ಅರುವತ್ತರ ದಶಕದಲ್ಲಿ ಕುಂದಾಪುರದಲ್ಲಿ ಸಣ್ಣ ಆಸ್ಪತ್ರೆ ಇಟ್ಟುಕೊಂಡಿದ್ದ ನನಗೆ ಇಂಥ ಗುಟ್ಟಿನ ರೋಗಿಗಳಿಗೆ ಬರವಿರಲಿಲ್ಲ. ಅವರಲ್ಲಿ ನನ್ನನ್ನು ನಗಿಸಿದ್ದಕ್ಕಿಂತ ಹೆಚ್ಚು ಹೆದರಿಸಿದವರು ಬೈಂದೂರಿನ ಹೋಟೆಲಿನ ಧಣಿಗಳೊಬ್ಬರು.

೧. ವಿನಯ

ಇವರು ಗಲ್ಲಾಪೆಟ್ಟಿಗೆಯ ಹಿಂದೆ ಕೂತರೆ ತಹಸೀಲ್ದಾರರು ಬಂದರೂ ಏಳುವವರಲ್ಲ. ಅಂಥವರು ಕೆಲವು ದಿನ ಬೆಳಗಿನಿಂದ ನಿಂತೇ ಇದ್ದರಂತೆ. ಚಾಕ್ಕೆ ಬಂದ ಮೇಷ್ಟ್ರು ತಮಗಾಗಿಯೇ ಎದ್ದರೆಂದು ಕೈಮುಗಿದರು. ಮೀನು ಮಾರಿ ಬಂದವನೂ ಹಾಗೇ ಅಂದುಕೊಂಡ. ಧಣಿಗಳಿಗೆ ಈಗೀಗ ಎಷ್ಟು ವಿನಯ ಎಂದು ಪೇಟೆಯೆಲ್ಲ ಸುದ್ದಿಯಾಯಿತು. ವಿನಯವೂ ಇಲ್ಲ, ಮಣ್ಣೂ ಇಲ್ಲ. ಒಳಗೆ ಕೀವು ತುಂಬುತ್ತಿತ್ತು.

೨. ಬಸ್ಸು

ಚಳಿಜ್ವರ ಹಿಡಿದ ಮೇಲೆ ಧಣಿಗಳ ಹೆಂಡತಿಯ ತಮ್ಮ ಅವರನ್ನು ಕುಂದಾಪುರದ ಬಸ್ಸಿಗೆ ಹತ್ತಿಸಿದ. ಕಂಡಕ್ಟರ್ ಎದುರಿನ ಸೀಟು ಖಾಲಿ ಮಾಡಿಸಿದ. ಇವರು ಬೇಡವೆಂದರು. ಧಣಿಗಳು ನಿಂತಿರುವಾಗ ತಾವು ಕೂರುವುದು ಹೇಗೆಂದು ಅವರ ಗುರುತಿನವರೆಲ್ಲ ಒಬ್ಬೊಬ್ಬರಾಗಿ ಎದ್ದರು. ಮರವಂತೆ ದಾಟುವಾಗ ಅರ್ಧ ಬಸ್ಸು ಸೀಟು ಬಿಟ್ಟು ನಿಂತಿತ್ತಂತೆ. ಕಂಬ ಹಿಡಿದು ನಡುಗುತ್ತಿದ್ದ ಮನುಷ್ಯನಿಗೆ ಎಲ್ಲರೂ ನಮಸ್ಕಾರ ಮಾಡಿದ್ದೇ ಮಾಡಿದ್ದು.

೩. ಕರಾರು

ನನ್ನ ಆಸ್ಪತ್ರೆಗೆ ತಲುಪುವಾಗ ಮೈ ಕೆಂಡ, ನಾಲಗೆ ಒಣಗಿತ್ತು. ಮೂತ್ರಕ್ಕೆ ಔಷಧ ಹಾಕಿ ಕಾಯಿಸಿದರೆ ಇಟ್ಟಿಗೆ ಬಣ್ಣ. ಸಕ್ಕರೆ ಕಾಯಿಲೆ ಇದ್ದದ್ದು ಅವರಿಗೇ ಗೊತ್ತಿರಲಿಲ್ಲ. ಕೂಡಲೇ ಕೊಯ್ದು ಕೀವು ತೆಗೆಯದಿದ್ದರೆ ನಂಜು ರಕ್ತಕ್ಕೆ ಏರಿ ಆಳು ಉಳಿಯುವುದಿಲ್ಲ. ಇವರು ನೋಡಿದರೆ ಪಂಚೆ ಬಿಚ್ಚಲಿಕ್ಕೇ ತಯಾರಿಲ್ಲ.

"ನಾಳೆ ನೀವ್ ಚಾ ಕುಡುಕ್ ಬತ್ರಿ ಡಾಕ್ಟ್ರೇ. ನಾನ್ ಯಾವ ಮೋರೆ ಇಟ್ಕಂಡ್ ಗಲ್ಲಾದಗೆ ಕೂಕಂಬುದ್?"

ನನಗೆ ಪಿತ್ತ ನೆತ್ತಿಗೇರಿತು. "ಇವತ್ತ್ ಕೊಯ್ಯದಿದ್ರೆ ಗಲ್ಲಾದಗೆ ನಿಮ್ಮ ಬದ್ಲ್ ಮಾಲೆ ಹಾಕಿದ್ ಫೋಟೊ ಇರತ್ತ್. ಅದಕ್ಕೆ ನಾಚ್ಕಿ ಇಲ್ಲೆ," ಎಂದೆ.

ಧಣಿಗಳು ಕರಾರು ಹಾಕಿದರು: ಜೀವ ಉಳಿದರೆ ನಾನು ಜನ್ಮದಲ್ಲಿ ಅವರ ಹೋಟೆಲಿನ ಮೆಟ್ಟಿಲು ಹತ್ತಬಾರದು. ಒಪ್ಪಿದೆ. ಅವರ ಹೋಟೆಲಿನ ಬನ್ಸ್ ನನಗೆ ಬಹಳ ಇಷ್ಟ ಎಂದು ಆಗ ಹೇಳಲಿಲ್ಲ.

೪. ಹೊಲಿಗೆ

ಇನ್ಸುಲಿನ್ ಕೊಟ್ಟು, ಸೊಂಟಕ್ಕೆ ಸೂಜಿ ಹಾಕಿ ಮರಗಟ್ಟಿಸಿ ಕೊಯ್ದೆ. ಬಂದ ಕೀವಿನ ನಾತಕ್ಕೆ ನರ್ಸಮ್ಮ ಮುಖ ತಿರುಗಿಸಿದರು. ನನಗಂತೂ ಹೋದ ಜೀವ ಬಂದಂತಾಯಿತು. ಗಾಯ ಹೊಲಿಯದೆ ಬಟ್ಟೆ ತುರುಕಿ ಬಿಟ್ಟದ್ದಕ್ಕೆ ಹೆಂಡತಿಯ ತಮ್ಮ ಸಿಟ್ಟಾದ. ಅರ್ಧ ಕೆಲಸಕ್ಕೆ ಬಿಡಲಿಕ್ಕೆ ಇದೇನು ದರ್ಜಿ ಅಂಗಡಿಯೇ ಎಂದು ಕೇಳಿದ. ಗಾಯದ ಬಾಯಿ ಮುಚ್ಚಿದರೆ ಒಳಗೆ ಮತ್ತೆ ಕೀವು ಕಟ್ಟುತ್ತದೆ, ಬುಡದಿಂದ ತಾನೇ ತುಂಬಿ ಬರಬೇಕು ಎಂದು ಸಮಜಾಯಿಷಿ ಕೊಟ್ಟೆ.

ಜ್ವರ ಮಾತ್ರ ಕೂಡಲೇ ಇಳಿಯಲಿಲ್ಲ. ನನಗೆ ಊಟ ರುಚಿಸಲಿಲ್ಲ. ಒಂದು ಬೆಳಿಗ್ಗೆ ಧಣಿಗಳು ಆಸ್ಪತ್ರೆಯ ಚಾ ಬಾಯಿಗಿಟ್ಟು, ಇದನ್ನು ಕುಡಿದೂ ರೋಗಿಗಳು ಬದುಕುತ್ತಾರೆಯೇ ಎಂದು ಕೇಳಿದರು. ಆಳು ಉಳಿದ ಎಂದು ನನಗೆ ಗೊತ್ತಾದದ್ದು ಆಗ.

೫. ಬೋಗುಣಿ

ಮನೆಗೆ ಕಳಿಸುವಾಗ, ದಿನಾ ನೇರಳೆ ಬಣ್ಣದ ಔಷಧ ಹಾಕಿದ ಬಿಸಿನೀರಿನ ಬೋಗುಣಿಯಲ್ಲಿ ಕೂರಬೇಕೆಂದು ಹೇಳಿದ್ದೆ. ಕೆಲವು ವಾರ ಕಳೆದು ಭಟ್ಕಳಕ್ಕೆ ಹೋಗುವಾಗ ನನ್ನ ಬಸ್ಸು ಅವರ ಹೋಟೆಲಿನ ಎದುರೇ ನಿಂತಿತು. ಕರಾರಿನಂತೆ ನಾನು ಇಳಿಯಲಿಲ್ಲ. ಕಿಟಕಿಯಿಂದ ನೋಡಿದರೆ ಧಣಿಗಳು ಗಲ್ಲಾಪೆಟ್ಟಿಗೆಯ ಹಿಂದೆ ರಾಜನ ಹಾಗೆ ಕೂತಿದ್ದರು. ಕೂತದ್ದು ಕಂಡು ನಿಜಕ್ಕೂ ನನ್ನ ಕಣ್ಣು ತುಂಬಿತು.

ಅಷ್ಟರಲ್ಲಿ ಅವರೂ ನನ್ನನ್ನು ಕಂಡರು. ನಾಚಿಕೆ, ಕರಾರು ಎಲ್ಲ ಮರೆತು ದಡಕ್ಕನೆ ಎದ್ದು ನಿಂತು ಕೈಮುಗಿದರು. ಈ ಸಲ ಎದ್ದದ್ದು ನಿಜವಾದ ಮರ್ಯಾದೆಗೇ. ಆದರೆ ಪಂಚೆಯಿಂದ ನೇರಳೆ ನೀರು ಧಾರೆಯಾಗಿ ಸುರಿಯುತ್ತಿತ್ತು. ಅವರ ಹಿಂದೆ ಕುರ್ಚಿಯ ಜಾಗದಲ್ಲಿ ಹೋಟೆಲಿನ ಹಿಟ್ಟು ಕಲಸುವ ಬೋಗುಣಿ ಹಬೆಯಾಡುತ್ತಿತ್ತು. ವ್ಯಾಪಾರವೂ ತಪ್ಪಬಾರದು, ಚಿಕಿತ್ಸೆಯೂ ತಪ್ಪಬಾರದು! ಬನ್ಸ್ ತಿನ್ನುತ್ತಿದ್ದವರೆಲ್ಲ ಒಮ್ಮೆ ಬೋಗುಣಿ ನೋಡಿದರು, ಒಮ್ಮೆ ಕೈಯಲ್ಲಿದ್ದ ಬನ್ಸ್ ನೋಡಿದರು.

"ಹ್ವಾಯ್ ಡಾಕ್ಟ್ರೇ, ಬನಿ, ಕೂಕಣಿ!" ಎಂದು ಧಣಿಗಳು ಬಂದು ಕೂರಲು ಕೂಗಿ ಕರೆದರು.

"ಮೊದ್ಲ್ ನೀವ್ ಕೂಕಣಿ ಮಾರಾಯ್ರೆ!" ಎಂದೆ.