ನಮ್ಮೂರಿನ ಅರವತ್ತು ಮಂದಿ ಅಪರಿಚಿತರು

ನನಗೆ ಭಾಷಣ ಮಾಡಲು ಹೆದರಿಕೆಯೇನೂ ಇಲ್ಲ. ರಾಮನಗರದ ಕಾಲೇಜಿನಲ್ಲಿ ಇಷ್ಟು ವರ್ಷ ಜೀವಶಾಸ್ತ್ರದ ಪಾಠ ಹೇಳಿ ಹೇಳಿ ಗಂಟಲು ಗಟ್ಟಿಯಾಗಿದೆ. ಆದರೆ ವರ್ಷಕ್ಕೊಮ್ಮೆ ಪ್ರಾಂಶುಪಾಲರು ಕರೆದು, “ಮೇಡಂ, ಜೀವವೈದ್ಯಕೀಯ ಸಂಶೋಧನೆ, ಬಯೋಇನ್ಫರ್ಮ್ಯಾಟಿಕ್ಸ್, ಅದರಲ್ಲಿರೋ ಉದ್ಯೋಗ, ಅನುದಾನ ಅಂತ ಮಕ್ಕಳಿಗೆ ಅರ್ಧ ಗಂಟೆ ಹೇಳಿಬಿಡಿ. ನೀವು ಆ ಫೀಲ್ಡಿನಲ್ಲಿ ಇದ್ದವರು” ಎಂದಾಗ ಮಾತ್ರ ಎಲ್ಲಿಂದಲೋ ಕೆಮ್ಮು ಬರುತ್ತದೆ. ಆ ಫೀಲ್ಡಿನಲ್ಲಿ ನಾನು ಇದ್ದದ್ದು ಒಂದು ವರ್ಷ ಎಂಟು ತಿಂಗಳು. ಹೊರಬಿದ್ದದ್ದು ಯಾರ ಹೊಟ್ಟೆಕಿಚ್ಚಿನಿಂದಲೂ ಅಲ್ಲ, ನಮ್ಮೂರಿನವರ ಪ್ರೀತಿಯಿಂದ. ಇದನ್ನು ಮಕ್ಕಳ ಮುಂದೆ ಹೇಗೆ ಹೇಳುವುದು? ಆದ್ದರಿಂದ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಬಿಡದಿ ಕಡೆ ಒಂದೊಂದೇ ಕಾರ್ಖಾನೆ ಏಳುತ್ತಿತ್ತು, ಮೈಸೂರು ರಸ್ತೆ ಅಗಲವಾಗುತ್ತಿತ್ತು, ಯಾವ ಪದಕ್ಕಾದರೂ ಮುಂದೆ ‘ಬಯೋ’ ಅಂಟಿಸಿದರೆ ಅದಕ್ಕೊಂದು ಗತ್ತು ಬರುತ್ತಿತ್ತು. ಚನ್ನಪಟ್ಟಣದ ಗೊಬ್ಬರದಂಗಡಿಯವನು ಕೂಡ ಬೋರ್ಡು ಬದಲಾಯಿಸಿ ‘ಬಯೋ’ ಬರೆಸಿದ್ದ. ಒಳಗೆ ಅದೇ ಗೊಬ್ಬರ, ಅದೇ ವಾಸನೆ. ನಾನೂ ಆ ಗಾಳಿಯಲ್ಲೇ ಎಂ.ಎಸ್ಸಿ. ಮುಗಿಸಿ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆದೆ. ಸಕ್ಕರೆ ಕಾಯಿಲೆ ವಂಶದಲ್ಲಿ ಹೇಗೆ ಇಳಿದುಬರುತ್ತದೆ ಎಂದು ರಕ್ತ ಪರೀಕ್ಷಿಸಿ, ಕಂಪ್ಯೂಟರಿನಲ್ಲಿ ತಾಳೆ ನೋಡುವ ಕೆಲಸ. ವಿರೂಪಾಕ್ಷಿಪುರದಿಂದ ಇನ್ನೂ ಒಳಗೆ, ದಿನಕ್ಕೆ ಎರಡೇ ಸಲ ಬಸ್ಸು ಬರುವ ನಮ್ಮ ಹಳ್ಳಿಗೆ ಹೋಗಿ ಸುದ್ದಿ ಹೇಳಿದಾಗ, ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದ ಅಪ್ಪ ತಲೆ ಎತ್ತದೆ ಒಂದೇ ಮಾತು ಕೇಳಿದರು.

“ಪರ್ಮನೆಂಟಾ?”

“ಇಲ್ಲಪ್ಪ, ಪ್ರಾಜೆಕ್ಟು. ಅನುದಾನ ಇರೋವರೆಗೆ.”

“ಅದು ಯಾವಾಗ್ಗಂಟ ಇರ್ತದೆ?”

“ವರ್ಷ ವರ್ಷ ನೋಡಿ ಮುಂದುವರಿಸ್ತಾರೆ.”

“ಅಂದ್ರೆ ನಿಮ್ ಸಾಹೇಬ್ರೂ ನಮ್ಮಂಗೆ ಮೋಡ ನೋಡ್ಕಂಡು ಕುಂತವ್ರೆ ಅನ್ನು,” ಎಂದರು ಅಪ್ಪ. ಸಂಶೋಧನಾ ಅನುದಾನದ ಬಗ್ಗೆ ಆಮೇಲೆ ನಾನು ಎಷ್ಟೋ ಓದಿದೆ, ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ. ಸೊಪ್ಪಿನ ಕಂತೆ ಕಟ್ಟುತ್ತಾ ಮುಂದಿನದನ್ನೂ ಹೇಳಿಬಿಟ್ಟರು: “ಅದು ನಿಂತ ದಿವ್ಸ ಮನೆಗ್ ಬಂದ್ಬುಡು ಕಣಮ್ಮಿ. ಶಿವರಾಜ ಅವ್ನಲ್ಲ, ಲಗ್ನ ಮಾಡ್ಬುಡ್ತೀನಿ.”

ಶಿವರಾಜ ನನ್ನ ಸೋದರತ್ತೆಯ ಮಗ. ಬಿಡದಿಯ ಒಂದು ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಮೇಲೆ ನಟ್ಟು ಬೋಲ್ಟು ಬಿಗಿಯುತ್ತಿದ್ದ. ಅವನ ಮೇಲೆ ನನಗೆ ಸಿಟ್ಟೇನೂ ಇರಲಿಲ್ಲ. ಆದರೆ ಬಿಳಿ ಕೋಟು ತೊಟ್ಟು, ಹುಬ್ಬು ಗಂಟಿಕ್ಕಿ, ಸೂಕ್ಷ್ಮದರ್ಶಕದಲ್ಲಿ ಇಣುಕುವ ಹುಡುಗಿಗೆ ಲಗ್ನದ ಮಾತು ಕೇಳಿದರೇ ಮೈ ಉರಿಯುತ್ತಿತ್ತು. ನನಗೆ ಆ ಕೆಲಸ ಬೇಕಾಗಿತ್ತು. ಪ್ರಾಣ ಹೋದರೂ ಬೇಕಾಗಿತ್ತು.

ಎರಡನೆಯ ವರ್ಷ ನಮ್ಮ ಸರ್, ಅಂದರೆ ಪ್ರಾಜೆಕ್ಟಿನ ಮುಖ್ಯಸ್ಥರು, ಎಲ್ಲರನ್ನೂ ಕೂರಿಸಿಕೊಂಡು ವಿಷಯ ಹೇಳಿದರು. ಪರಸ್ಪರ ರಕ್ತಸಂಬಂಧವೇ ಇಲ್ಲದ ಅರವತ್ತು ಜನರ ರಕ್ತ ಬೇಕು. ಸಿಕ್ಕಿದರೆ ಅನುದಾನ ಮುಂದುವರಿಯುತ್ತದೆ, ಇಲ್ಲದಿದ್ದರೆ ಎಲ್ಲರೂ ಮನೆಗೆ. ಒಂದೇ ಮನೆಯವರ ರಕ್ತ ತಂದರೆ ಪ್ರಯೋಜನವಿಲ್ಲ. ಒಂದೇ ಪತ್ರಿಕೆಯ ಅರವತ್ತು ಪ್ರತಿ ಕೊಂಡು ಅರವತ್ತು ಸುದ್ದಿ ಓದಿದೆ ಎಂದ ಹಾಗಾಗುತ್ತದೆ. ಬೆಂಗಳೂರಿನವರೋ, ಸೂಜಿ ಎಂದರೆ ಸಾಕು, ಅರ್ಜೆಂಟ್ ಕೆಲಸ ನೆನಪಾಗುತ್ತಿತ್ತು. ನಾನು ಎದೆ ಸೆಟೆಸಿ, “ಸರ್, ನಮ್ಮೂರಲ್ಲಿ ಕೊಡ್ತಾರೆ” ಎಂದುಬಿಟ್ಟೆ.

ಇಲ್ಲಿ ಒಂದು ತಪ್ಪೊಪ್ಪಿಗೆ. ನಮ್ಮೂರಿನಲ್ಲಿ ಯಾರನ್ನೂ ಬರೀ ಹೆಸರಿನಿಂದ ಕರೆಯುವ ಪದ್ಧತಿಯಿಲ್ಲ. ಎದುರು ಸಿಕ್ಕವರೆಲ್ಲ ಮಾವ, ಚಿಕ್ಕಪ್ಪ, ಅತ್ತೆ, ದೊಡ್ಡವ್ವ. ಅದಕ್ಕೆ ‘ವರಸೆ’ ಎನ್ನುತ್ತೇವೆ. ಅರ್ಧ ಜನರನ್ನು ನಾನು ಬಾಯಿಮಾತಿಗೆ ಹಾಗೆ ಕರೆಯುವುದು, ನಿಜವಾದ ನೆಂಟಸ್ತನ ನಾಲ್ಕೈದು ಮನೆಗೆ ಅಷ್ಟೇ ಇರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ನಾಲ್ಕೈದು ಮನೆಯನ್ನಾದರೂ ಬಿಡಬೇಕಿತ್ತಲ್ಲ? ಬಿಟ್ಟಿದ್ದರೆ ಅರವತ್ತು ಆಗುತ್ತಿರಲಿಲ್ಲ.

ಶಿವರಾಜ ಚನ್ನಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಸಂಗತಿ ಹೇಳಿದೆ. “ಅರವತ್ ಜನ ಆಗ್ನಿಲ್ಲ ಅಂದ್ರೆ?” ಎಂದು ಕೇಳಿದ. “ಮನೆಗೆ ಬರೋದೇ,” ಎಂದೆ. ಮನೆಗೆ ಬಂದರೆ ಏನಾಗುತ್ತದೆಂದು ಅವನಿಗೂ ಗೊತ್ತು, ನನಗೂ ಗೊತ್ತು. “ಕಾಂಟ್ರಾಕ್ಟು ರಿನಿವಲ್ ಆಗ್ದಿದ್ರೆ ಎಂಗಾಯ್ತದೆ ಅಂತ ನಂಗೊತ್ತು ಕಣೇ. ಅನ್ನ ಇಳಿಯಾಕಿಲ್ಲ. ನಾನ್ ನೋಡ್ಕತೀನಿ ಬುಡು,” ಎಂದ.

ಅವನು ನೋಡಿಕೊಂಡ ರೀತಿಯೇ ರೀತಿ! ಶನಿವಾರ ರಜ ಹಾಕಿ ಮನೆಮನೆಗೆ ಹೋಗಿ, “ನೆಂಟ್ರು ಅಂತ ಬಾಯ್ ಬುಟ್ರೋ, ನಮ್ ಹುಡ್ಗಿ ಕೆಲ್ಸ ಓಯ್ತದೆ” ಎಂದು ಹೇಳಿ ಬಂದಿದ್ದ. ಭಾನುವಾರ ಬೆಳಿಗ್ಗೆ ಶಾಲೆಯ ಜಗಲಿಯಲ್ಲಿ ಸರ್, ಒಬ್ಬ ನರ್ಸು, ನಾನು ಫಾರಂ ಹಿಡಿದು ಕೂತರೆ, ಊರಿಗೆ ಊರೇ ಒಬ್ಬರ ಮುಖ ಒಬ್ಬರು ಕಂಡೇ ಇಲ್ಲವೆಂಬಂತೆ ಸಾಲಿನಲ್ಲಿ ನಿಂತಿತ್ತು. ಸಾಲಿನಲ್ಲಿ ಮಾತಿಲ್ಲ, ಕತೆಯಿಲ್ಲ, ಒಬ್ಬರೂ ಎಲೆಅಡಿಕೆ ಕೇಳಲಿಲ್ಲ. ಬೇಲಿ ಜಗಳದಿಂದ ಮಾತು ಬಿಟ್ಟಿದ್ದ ಕೆಂಪಯ್ಯ, ಚಿಕ್ಕಯ್ಯ ಎಂಬ ಅಣ್ಣತಮ್ಮಂದಿರಿಗಂತೂ ಅದು ಹಬ್ಬ. “ರಕ್ತಸಂಬಂಧಿಗಳು ಯಾರಾದರೂ ಇಲ್ಲಿದ್ದಾರೆಯೇ?” ಎಂಬ ಪ್ರಶ್ನೆ ಓದಿದ್ದೇ ತಡ, ಕೆಂಪಯ್ಯ ತಮ್ಮನ ಕಡೆ ಕೈ ತೋರಿಸಿ, “ಅಗೋ ಅವ್ನು ನಂಗೆ ಏನೂ ಆಗ್ಬೇಕಾಗಿಲ್ಲ ಕಣವ್ವ, ದಪ್ಪಕ್ಷರದಲ್ಲಿ ಬರ್ಕೊ!” ಎಂದ. ಅವತ್ತು ಮನಃಪೂರ್ವಕವಾಗಿ ಉತ್ತರ ಕೊಟ್ಟವರು ಅವರಿಬ್ಬರೇ.

ಹನ್ನೆರಡನೆಯವಳಾಗಿ ಬಂದವಳು ನಮ್ಮಜ್ಜಿ ನಿಂಗಮ್ಮ. ನನ್ನ ತಾಯಿಯ ತಾಯಿ. ನನ್ನನ್ನು ಕಾಲ ಮೇಲೆ ಹಾಕಿಕೊಂಡು ನೀರು ಹುಯ್ದವಳು. ಬಂದವಳೇ ನನ್ನ ಮುಖವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, “ಯಾರ್ ಮನೆ ಮಗ್ಳವ್ವ ನೀನು? ಲಕ್ಷಣವಾಗಿದ್ದೀಯೆ,” ಎಂದಳು. ನಗು ತಡೆಯಲು ನಾನು ಫಾರಂ ಮುಖಕ್ಕೆ ಅಡ್ಡ ಹಿಡಿದೆ. ಸೂಜಿ ಕಂಡಾಗ ಮಾತ್ರ ಗಟ್ಟಿಯಾಗಿ ನನ್ನ ಕೈ ಹಿಡಿದುಕೊಂಡು, “ಒಸಿ ಮೆತ್ಗೆ ಚುಚ್ಚಾಕೆ ಯೋಳವ್ವ,” ಎಂದಳು. ಹೋಗುವಾಗ ಸೆರಗಿನ ಗಂಟು ಬಿಚ್ಚಿ, ಗೊತ್ತುಪರಿಚಯವಿಲ್ಲದ ಹುಡುಗಿಯ ಕೈಗೆ ಎರಡು ಎಳ್ಳುಂಡೆ ಇಟ್ಟಳು. ಸರ್‌ಗೆ ಕಣ್ಣು ತುಂಬಿ ಬಂತು. “ಎಷ್ಟು ಮುಗ್ಧ ಜನ ನೋಡಿ!” ಎಂದರು.

ಐವತ್ತೊಂಬತ್ತನೆಯವನು ಶಿವರಾಜ. ಪ್ರಶ್ನೆ ಓದಿದೆ. “ಯಾರೂ ಇಲ್ಲ, ಬರ್ಕೊ,” ಎಂದ. ಸರ್ ದೂರದಲ್ಲಿದ್ದರು. “ನಾನು?” ಎಂದು ತಗ್ಗಿದ ದನಿಯಲ್ಲಿ, ಸುಮ್ಮನೆ ತಮಾಷೆಗೆ ಕೇಳಿದೆ. ಅವನು ನಗಲಿಲ್ಲ. “ನೀನೂ ನಂಗೇನೂ ಆಗ್ಬೇಕಾಗಿಲ್ಲ,” ಎಂದು ಸಹಿ ಹಾಕಿ ತೋಳು ಚಾಚಿದ. ಆ ಹೊತ್ತಿಗೆ ನನಗೆ ಅನ್ನಿಸಿದ್ದು, ಸದ್ಯ, ಇನ್ನೊಂದೇ ಬಾಕಿ ಎಂದಷ್ಟೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆ ಬಾಕಿ ಒಂದಕ್ಕೆ ಯಾರೂ ಸಿಗದೆ ನನ್ನ ರಕ್ತವನ್ನೇ ಕೊಟ್ಟು ಅರವತ್ತು ಮಾಡಿದೆ. ವಿಜ್ಞಾನಕ್ಕೆ ರಕ್ತ ಸುರಿಸಿದ್ದೇನೆ ಎಂದರೆ ಸುಳ್ಳಲ್ಲ.

ಕೆಲವು ತಿಂಗಳ ಮೇಲೆ ಸರ್ ಕಂಪ್ಯೂಟರ್ ಕೋಣೆಗೆ ಕರೆದರು. ನಂಟು ಕಂಡಲ್ಲೆಲ್ಲ ಗೆರೆ ಎಳೆಯುವ ಒಂದು ಪ್ರೋಗ್ರಾಮು ಓಡಿಸಿದ್ದರು. ಗೆರೆ ಎಳೆದು ಎಳೆದು ಪರದೆಯೇ ಕಪ್ಪಾಗಿತ್ತು. ಕೆಂಪಯ್ಯ ಚಿಕ್ಕಯ್ಯರನ್ನು ಅದು ಒಡಹುಟ್ಟಿದವರೆಂದು ನಿಸ್ಸಂಕೋಚವಾಗಿ ಸಾರಿತ್ತು. ಊರಿನ ಪಂಚಾಯ್ತಿಯಿಂದ ಆಗದ ಕೆಲಸ.

“ಹನ್ನೆರಡಕ್ಕೂ ಅರವತ್ತಕ್ಕೂ ಅಜ್ಜಿ ಮೊಮ್ಮಗಳಷ್ಟು ಹತ್ತಿರ ತೋರಿಸ್ತಿದೆಯಲ್ಲಮ್ಮ. ಹನ್ನೆರಡು ಯಾರು?”

“ಎಳ್ಳುಂಡೆ ಕೊಟ್ಟರಲ್ಲ, ಅವರು ಸರ್.”

“ಅರವತ್ತು?”

“ನಾನು ಸರ್.”

ಸರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಒರೆಸುತ್ತಾ, “ಊರಿಗೆ ಊರೇ ಒಂದು ಕುಟುಂಬ ಅಂತ ಮೊದಲೇ ಹೇಳಿದ್ದರೆ, ಕುಟುಂಬದ ಅಧ್ಯಯನಕ್ಕೆ ಅಂತಲೇ ಬೇರೆ ಅನುದಾನ ಕೇಳಬಹುದಿತ್ತಲ್ಲಮ್ಮ. ಇಂಥ ಊರು ಹುಡುಕಿದರೂ ಸಿಗೋದಿಲ್ಲ,” ಎಂದರು. ಕೈಯಲ್ಲಿದ್ದ ಬೆಣ್ಣೆಯನ್ನು ನಾನೇ ಬಚ್ಚಿಟ್ಟು ತುಪ್ಪಕ್ಕೆ ಊರೆಲ್ಲ ಅಲೆದಿದ್ದೆ. ಸರ್ ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದರು. ಅನುದಾನ ನಿಂತಿತು. ಬಿಳಿ ಕೋಟನ್ನು ಮಡಿಸಿ ವಾಪಸು ಕೊಡುವಾಗ ನಾನು ಗೊಳೋ ಎಂದು ಅತ್ತೆ.

ಊರಿಗೆ ಬಂದರೆ ಅಜ್ಜಿಗೆ ಒಂದೇ ಅನುಮಾನ. “ಯಾರಮ್ಮಿ ಯೋಳ್ಬುಟ್ಟೋರು?”

“ಕಂಪ್ಯೂಟರು ಕಣಜ್ಜಿ.”

“ಅದ್ಕೆಂಗೆ ಗೊತ್ತಾಯ್ತು? ಅದೇನ್ ನಮ್ಮನೆ ಮದ್ವೆಗ್ ಬಂದಿತ್ತಾ?”

ಶಿವರಾಜನ ಜೊತೆ ಮೂರು ತಿಂಗಳು ಮಾತು ಬಿಟ್ಟೆ. ತಪ್ಪು ನನ್ನದು, ಆದರೆ ಸಿಟ್ಟು ಮಾಡಿಕೊಳ್ಳಲು ಸದರ ಇದ್ದವನು ಅವನೊಬ್ಬನೇ. ಅಪ್ಪ ಲಗ್ನದ ಮಾತೆತ್ತಿದಾಗ ಅವನೇ, “ಬ್ಯಾಡ ಮಾವ. ಅವ್ಳು ಮೊದ್ಲು ಇನ್ನೊಂದ್ ಕೆಲ್ಸ ಇಡೀಲಿ. ಆಮ್ಯಾಕೆ ಅವ್ಳನ್ನೇ ಕೇಳಿ,” ಎಂದನಂತೆ. ಕಾಲೇಜಿನ ಕೆಲಸ ಸಿಕ್ಕಿತು. ಎರಡು ವರ್ಷ ಕಳೆದ ಮೇಲೆ, ಯಾರೂ ಕೇಳದೆ ಇದ್ದಾಗ, ನಾನೇ ಹೋಗಿ ಶಿವರಾಜನೇ ಆಗಲಿ ಎಂದು ಅಪ್ಪನಿಗೆ ಹೇಳಿದೆ. ಸೋದರಸಂಬಂಧದಲ್ಲಿ ಮದುವೆಯಾದರೆ ಏನೇನು ತೊಂದರೆ ಎಂಬ ಪಾಠ ಬಂದಾಗ ಈಗಲೂ ನಾನು ಬೋರ್ಡಿನ ಕಡೆ ತಿರುಗಿಕೊಂಡೇ ಹೇಳುತ್ತೇನೆ. ಅಜ್ಜಿ ಈಗಿಲ್ಲ. ಎಲ್ಲಿಯಾದರೂ ಎಳ್ಳುಂಡೆ ಕಂಡರೆ ನನಗೆ ಆ ಜಗಲಿ, ಆ ಬಿಗಿಹಿಡಿತ ನೆನಪಾಗುತ್ತದೆ.

ಈ ವರ್ಷವೂ ಭಾಷಣ ಮಾಡಿದೆ, ಕೆಮ್ಮುತ್ತಲೇ. ಮುಗಿಸಿ ಗೇಟಿನ ಹತ್ತಿರ ಬಂದರೆ ಒಬ್ಬಳು ಹುಡುಗಿ ಬೆನ್ನು ಹತ್ತಿದಳು. “ಮೇಡಂ, ಆ ಪ್ರಾಜೆಕ್ಟಲ್ಲಿ ನಿಮಗೆ ಪರ್ಮನೆಂಟಾಗಿ ಏನೂ ಸಿಗಲೇ ಇಲ್ವಾ?” ಥೇಟ್ ನಮ್ಮಪ್ಪ. ಅಷ್ಟರಲ್ಲಿ ರಸ್ತೆಯಾಚೆಯಿಂದ ಸ್ಕೂಟರಿನ ಹಾರ್ನು ಎರಡು ಸಲ ಕೂಗಿತು. “ಅವರು ಯಾರು ಮೇಡಂ?” ಎಂದಳು.

“ಯಾರೋ ಕಾಣೆನಮ್ಮ. ನನಗೂ ಅವರಿಗೂ ಏನೂ ಸಂಬಂಧವಿಲ್ಲ, ಸಹಿ ಮಾಡಿ ಕೊಟ್ಟಿದ್ದಾರೆ,” ಎಂದು ಹೇಳಿ, ಹೋಗಿ ಸ್ಕೂಟರಿನ ಹಿಂದೆ ಕೂತೆ. ಹುಡುಗಿ ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ಆ ಕಂಪ್ಯೂಟರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ನಾನು ಎಳ್ಳುಂಡೆಯ ಆ ಹನ್ನೆರಡನೇ ನಂಬರಿನ ಮೊಮ್ಮಗಳೇ.