ಬಚ್ಚಲಮನೆ ಬಾಗಿಲಿನ ಘನತೆಯನ್ನು ಕುರಿತು

ಜೀರ್ಣೋದ್ಧಾರಗೊಂಡ ಎಸ್ಟೇಟ್ ಬಂಗಲೆಯ ವ್ಯವಸ್ಥಾಪಕರಾದ ಮಾನ್ಯರೇ,

ಇತಿಹಾಸವನ್ನು ದಿನಬಾಡಿಗೆಗೆ ಕೊಡುವ ತಮ್ಮ ಔದಾರ್ಯಕ್ಕೆ ಮೊದಲು ತಲೆಬಾಗುತ್ತೇನೆ. ತಲೆಬಾಗುವುದು ನನಗೀಗ ಕಷ್ಟವಲ್ಲ, ತಮ್ಮಲ್ಲಿನ ಒಂದೊಂದು ಬಾಗಿಲೂ ನನ್ನ ಹಣೆಗೆ ಗುದ್ದಿ ಆ ವಿನಯವನ್ನು ಕಲಿಸಿದೆ.

ನಾನೂ ನನ್ನ ಹೆಂಡತಿಯೂ ತಮ್ಮಲ್ಲಿಗೆ ಬಂದದ್ದು ಮಗಳ ಬಲವಂತಕ್ಕೆ. ಶಿಕ್ಷಕಿಯಾದ ನನ್ನ ಹೆಂಡತಿಗೆ ದೂರದ ಊರಿನಲ್ಲಿ ಮುಖ್ಯೋಪಾಧ್ಯಾಯಿನಿಯ ಹುದ್ದೆ ಸಿಕ್ಕಿತ್ತು, ನಾನು ನೆಂಟರೆದುರಿಗೇ ಬೇಡವೆಂದಿದ್ದೆ, ಅಂದಿನಿಂದ ನಮ್ಮಲ್ಲಿ ಮಾತು ನಿಂತು, ಉಪ್ಪು ಬೇಕಿದ್ದರೂ ಮಗಳ ಮುಖಾಂತರವೇ ಅರ್ಜಿ ಹೋಗಬೇಕಾಗಿತ್ತು. “ನಂಗೆ ಈ ಅಂಚೆ ಕೆಲ್ಸ ಸಾಕಾಗಿದೆ, ಇಬ್ರೂ ನಾಲ್ಕು ದಿನ ಎಲ್ಲಾದ್ರೂ ಹೋಗ್ಬನ್ನಿ” ಎಂದು ಅವಳು ನಮ್ಮನ್ನು ಸಾಗಹಾಕಿದಳು.

ತಮ್ಮ ಕೋಣೆಯ ವೈಭವವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಮಂಚ ಹತ್ತಲು ಮೆಟ್ಟಿಲಿತ್ತು, ಇಳಿಯಲು ದೇವರಿದ್ದ. ಕುರ್ಚಿಗಳ ಮೇಲೆ ‘ಪುರಾತನವಾದದ್ದು, ಕೂರಬಾರದು’ ಎಂಬ ಚೀಟಿ ಕೂತಿತ್ತು. ನಲ್ಲಿ ತಿರುಗಿಸಿದರೆ ಮೊದಲು ನರಳಾಟ, ಆಮೇಲೆ ತುಕ್ಕಿನ ಬಣ್ಣದ ಗತಕಾಲ.

ಮರುದಿನ ಬೆಳಿಗ್ಗೆ ಬಚ್ಚಲಮನೆಗೆ ಹೋದ ನನ್ನ ಹೆಂಡತಿಗೆ ಹೊರಗೆ ಬರಲಾಗಲಿಲ್ಲ. ಬಾಗಿಲು ಚೌಕಟ್ಟನ್ನು ಕಚ್ಚಿಕೊಂಡು ಕೂತುಬಿಟ್ಟಿತ್ತು. ನನ್ನ ಕೂಗಿಗೆ ಓಡಿಬಂದ ತಾವು ಆ ಬಾಗಿಲನ್ನು ಎಳೆಗೂಸಿನ ಕೆನ್ನೆಯಂತೆ ಸವರಿ, “ಒಡೆಯೋ ಮಾತೇ ಇಲ್ಲ ಸಾರ್, ಇದು ಮೂಲ ಬಾಗ್ಲು. ಪೇಟೆಯಿಂದ ನಮ್ಮ ಬಡಗಿನೇ ಬರ್ಬೇಕು” ಎಂದಿರಿ. “ಒಳಗಿರೋರೂ ಮೂಲದೋರೇ ಸ್ವಾಮಿ, ನಂಗಿರೋದು ಒಬ್ಳೇ ಹೆಂಡ್ತಿ” ಎಂದೆ. ಈ ಮಾತು ತಮಗೆ ನಾಟಲಿಲ್ಲ. ಒಳಗಿನಿಂದ ಮಾತ್ರ ಕಿಸಕ್ಕನೆ ನಗು ಕೇಳಿಸಿತು.

ತಾವು ಹೋದ ಮೇಲೆ, ಕುರ್ಚಿಗೆ ನಿಷೇಧವಿದ್ದುದರಿಂದ, ಆ ಬಾಗಿಲಿಗೇ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ಮನೆಯಲ್ಲಾಗಿದ್ದರೆ ಇಂಥ ಹೊತ್ತಿಗೆ ಚೀಲ ಹಿಡಿದು ಮಾರುಕಟ್ಟೆಗೆ ಪಲಾಯನ ಮಾಡುತ್ತಿದ್ದೆ. ಇಲ್ಲಿ ಅವಳನ್ನು ಬಿಟ್ಟು ಏಳುವಂತಿರಲಿಲ್ಲ.

“ಇಷ್ಟು ವರ್ಷ ಇನ್ಯಾರೋ ಹಾಕಿದ ವೇಳಾಪಟ್ಟಿಗೆ ಪಾಠ ಮಾಡಿದೀನಿ. ಒಂದ್ಸಲ ನಾನೇ ಹಾಕ್ಬೇಕು ಕಣ್ರೀ” ಎಂದಳು ಒಳಗಿನಿಂದ.

“ನಾನೊಬ್ನೇ ಏನು ತಿನ್ಲಿ?” ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ.

“ಓ, ಇದಾ ವಿಷ್ಯ?”

ಮುಖ ಕಾಣದಿದ್ದರೆ ಮನುಷ್ಯ ಏನೇನೋ ಆಡಿಬಿಡುತ್ತಾನೆ ಮಾನ್ಯರೇ. “ಅದಲ್ಲ. ನೀನಿಲ್ದೆ ಮನೆ ಬಿಕೋ ಅನ್ನತ್ತೆ” ಎಂದೆ. ಅವಳೂ ಆ ಕಡೆಯಿಂದ ಬಾಗಿಲಿಗೆ ಬೆನ್ನು ಕೊಟ್ಟು ಕೂತ ಸದ್ದಾಯಿತು. ಆಮೇಲೆ, “ಪ್ರತಿ ಶನಿವಾರ ಬರ್ತೀನಿ. ಇದನ್ನ ಅವತ್ತೇ ಹೇಳೋಕೆ ಏನಾಗಿತ್ತು ನಿಮ್ಗೆ?” ಎಂದಳು, ದನಿ ಒದ್ದೆಯಾಗಿತ್ತು, ಅದಕ್ಕೆ ತಮ್ಮ ನಲ್ಲಿ ಕಾರಣವಲ್ಲ. ಬಡಗಿ ಬಂದು ಬಾಗಿಲು ಬಿಡಿಸುವಷ್ಟರಲ್ಲಿ ನಾನು “ಹೋಗು” ಎಂದು ಒಪ್ಪಿಯಾಗಿತ್ತು.

ಆದ್ದರಿಂದ ನನ್ನ ದೂರು ಇಷ್ಟೇ: ತಮ್ಮ ಬಾಗಿಲು ಎಲ್ಲ ಬಾಗಿಲುಗಳಂತೆ ತೆರೆದುಕೊಂಡಿದ್ದರೆ ನಾನು ಈ ಜಗಳವನ್ನು ಮೌನದಲ್ಲೇ ಗೆದ್ದು, ಬಾಳೆಲ್ಲ ಸೋತಿರುತ್ತಿದ್ದೆ. ಇಂಥ ಗೆಲುವನ್ನು ಕಸಿದುಕೊಂಡದ್ದಕ್ಕೆ ಪರಿಹಾರವಾಗಿ, ಇನ್ನು ಮುಂದೆ ಪ್ರತಿ ಶನಿವಾರವೂ ತಮ್ಮ ಬಾಗಿಲಿನಂತೆ ಕಚ್ಚಿಕೊಂಡು, ಬಡಗಿ ಬಂದರೂ ಕದಲದಂತೆ ವ್ಯವಸ್ಥೆ ಮಾಡಿಕೊಡಬೇಕೆಂದು ಪ್ರಾರ್ಥಿಸುತ್ತೇನೆ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿಯವರ ಯಜಮಾನ (ಹೆಸರಿಗೆ ಮಾತ್ರ)

ತಾ.ಕ.: ಹೊರಡುವಾಗ ನನ್ನ ಅಭಿಪ್ರಾಯ ಬರೆಯಲೆಂದು ತಾವು ಕೊಟ್ಟ ಪೆನ್ನು ಬರೆಯಲೇ ಇಲ್ಲ, ಅದೂ ಮೂಲದ್ದೇ ಇರಬೇಕು. ಹೀಗಾಗಿ ತಮ್ಮೊಬ್ಬರಿಗೇ ಗುಟ್ಟಾಗಿ ಹೇಳಬೇಕಾಗಿದ್ದನ್ನು ಪತ್ರಿಕೆಯ ಮೂಲಕ ಊರಿಗೆಲ್ಲ ಹೇಳಬೇಕಾಯಿತು, ಕ್ಷಮೆಯಿರಲಿ.